ವೇಪ್‌ನ ವ್ಯಾಟ್, ವೋಲ್ಟ್ ಸೆಟ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಜೂನ್ 1ರಿಂದ ಬ್ರಿಟನ್‌ನಲ್ಲಿ ಬಳಸಿ ಬಿಸಾಡುವ ವೇಪ್‌ಗಳ (ನಿಕೋಟಿನ್ ಲಿಕ್ವಿಡನ್ನು ಆವಿ ಮಾಡಿ ಎಳೆಯುವ ಇ-ಸಿಗರೇಟು) ಮಾರಾಟಕ್ಕೆ ನಿಷೇಧ ಬಂತು. ಅಲ್ಲಿಯವರೆಗೆ ಬಾಯಿಗಿಟ್ಟು ಎಳೆದರೆ ಸಾಕಿತ್ತು, ಬಟನ್ನೂ ಬೇಡ, ಪರದೆಯೂ ಬೇಡ. ಈಗ ಸಿಗರೇಟು ಬಿಡಬೇಕು ಅಂತ ಅಂಗಡಿಗೆ ಹೋದವರ ಕೈಗೆ ಬರುವುದು ಲಿಕ್ವಿಡ್ ತುಂಬಿಸಬೇಕಾದ, ಕಾಯಿಲ್ ಬದಲಿಸಬೇಕಾದ ಸಾಧನ. ಎಷ್ಟೋ ಸಾಧನಗಳಲ್ಲಿ ಪ್ಲಸ್ ಮೈನಸ್ ಬಟನ್ನೂ ಇರುತ್ತದೆ. ಅಲ್ಲಿರುವ ನಮ್ಮ ಕನ್ನಡದವರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇದು ಈಗಾಗಲೇ ಸಿಗರೇಟು ಸೇದುತ್ತಿದ್ದು ಅದನ್ನು ಬಿಡಲು ಹೊರಟಿರುವ ದೊಡ್ಡವರಿಗೆ, ಅದೂ ವೇಪ್‌ಗೆ ಕಾನೂನಿನ ಒಪ್ಪಿಗೆ ಇರುವ ದೇಶದಲ್ಲಿ ಇರುವವರಿಗೆ. ಭಾರತದಲ್ಲಿ ಇದು ನಿಷಿದ್ಧ, ಅದರ ವಿವರ ಕೆಳಗಿದೆ. ಸಿಗರೇಟಿನ ಅಭ್ಯಾಸವೇ ಇಲ್ಲದವರು ದಯವಿಟ್ಟು ಇದರ ಹತ್ತಿರ ಬರಬೇಡಿ. ನಿಕೋಟಿನ್ ಬಲವಾಗಿ ಚಟ ಹಿಡಿಸುತ್ತದೆ, ಆಮೇಲೆ ಬಿಡುವುದು ಕಷ್ಟ.

ವೋಲ್ಟ್, ವ್ಯಾಟ್, ಓಮ್ ಅಂತ ಮೂರು ಇದೆಯಲ್ಲ, ಯಾವುದು ಏನು?

ವೇಪ್ ಒಳಗೆ ಇರುವುದು ಒಂದು ಚಿಕ್ಕ ಹೀಟರ್. ಬ್ಯಾಟರಿಯಿಂದ ಕರೆಂಟು ಹರಿದು ತಂತಿಯ ಸುರುಳಿ ಕಾಯುತ್ತದೆ, ಅದಕ್ಕೆ ಅಂಟಿಕೊಂಡ ಹತ್ತಿಯಲ್ಲಿರುವ ಲಿಕ್ವಿಡ್ ಆವಿಯಾಗುತ್ತದೆ. ಆ ಸುರುಳಿಯೇ ಕಾಯಿಲ್. ಈಗಿನ ಹೆಚ್ಚಿನ ಕಾಯಿಲ್‌ಗಳಲ್ಲಿ ಸುರುಳಿಯ ಬದಲು ತೆಳುವಾದ ಲೋಹದ ಜಾಲರಿ ಇರುತ್ತದೆ, ಕೆಲಸ ಅದೇ.

ಓಮ್ ಅಂದರೆ ಕಾಯಿಲ್ ಕರೆಂಟಿಗೆ ಒಡ್ಡುವ ತಡೆ. ಅದು ಕಾಯಿಲ್‌ನ ಗುಣ, ಬಟನ್ ಒತ್ತಿ ಬದಲಿಸಲು ಬರುವುದಿಲ್ಲ. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ. ವ್ಯಾಟ್ ಅಂದರೆ ಕೊನೆಗೆ ಆ ಕಾಯಿಲ್‌ನಲ್ಲಿ ಪ್ರತಿ ಸೆಕೆಂಡಿಗೆ ಹುಟ್ಟುವ ಶಾಖ. ಹೈಸ್ಕೂಲಿನಲ್ಲಿ ಓದಿದ ಓಮ್ ನಿಯಮವೇ ಇಲ್ಲೂ ನಡೆಯುವುದು. ವೋಲ್ಟನ್ನು ಅದರಿಂದಲೇ ಗುಣಿಸಿ, ಓಮ್‌ನಿಂದ ಭಾಗಿಸಿ, ವ್ಯಾಟ್ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. 3.7 ವೋಲ್ಟ್ ಕೊಟ್ಟರೆ 1.2 ಓಮ್ ಕಾಯಿಲ್‌ನಲ್ಲಿ ಸುಮಾರು 11 ವ್ಯಾಟ್. ಅದೇ 3.7 ವೋಲ್ಟ್ 0.8 ಓಮ್‌ಗೆ ಕೊಟ್ಟರೆ 17, 0.5ಕ್ಕೆ 27, 0.2ಕ್ಕೆ 68. ವೋಲ್ಟ್ ಒಂದೇ, ಶಾಖ ಆರು ಪಟ್ಟು. ಹಾಗಾಗಿ ಯಾರಾದರೂ "ನಾನು 3.7ರಲ್ಲಿ ಇಟ್ಟಿದ್ದೀನಿ, ನೀನೂ ಇಡು" ಅಂದರೆ ಕಾಯಿಲ್ ಎಷ್ಟು ಓಮಿನದು ಅಂತ ಮೊದಲು ಕೇಳಿ. ಅದು ಗೊತ್ತಿಲ್ಲದೆ ಆ ನಂಬರಿಗೆ ಬೆಲೆ ಇಲ್ಲ.

ವೋಲ್ಟ್ ಸೆಟ್ಟಿಂಗ್ ಇರುವುದಕ್ಕೂ ವ್ಯಾಟ್ ಸೆಟ್ಟಿಂಗ್ ಇರುವುದಕ್ಕೂ ಏನು ವ್ಯತ್ಯಾಸ?

ಚೀನಾದ ಫಾರ್ಮಸಿಸ್ಟ್ ಹೊನ್ ಲಿಕ್ 2003ರಲ್ಲಿ ಈಗಿನ ಇ-ಸಿಗರೇಟಿನ ಮೂಲ ರೂಪ ತಯಾರಿಸಿದಾಗ ಸೆಟ್ಟಿಂಗ್ ಅನ್ನುವುದೇ ಇರಲಿಲ್ಲ. ಆಮೇಲೆ ಪೆನ್ನಿನ ಆಕಾರದ ಬ್ಯಾಟರಿಗಳು ಬಂದವು, ಅದರ ಬುಡದಲ್ಲಿ ತಿರುಗಿಸುವ ಗುಂಡಿ, ಸುಮಾರು 3.3ರಿಂದ 4.8 ವೋಲ್ಟ್‌ವರೆಗೆ. ಆಗಿನ ಕಾಯಿಲ್‌ಗಳು 1.8 ಓಮ್ ಆಸುಪಾಸು ಇರುತ್ತಿದ್ದವು, ಗುಂಡಿಯನ್ನು ಪೂರ್ತಿ ತಿರುಗಿಸಿದರೂ 13 ವ್ಯಾಟ್ ದಾಟುತ್ತಿರಲಿಲ್ಲ. ಅದೇ ಹಳೇ ಪೆನ್ನಿಗೆ ಇವತ್ತಿನ 0.8 ಓಮ್ ಕಾಯಿಲ್ ಹಾಕಿ 4.8ಕ್ಕೆ ತಿರುಗಿಸಿದರೆ 29 ವ್ಯಾಟ್ ಆಗುತ್ತದೆ. ಆ ಕಾಯಿಲ್ ಮಾಡಿರುವುದು ಬಹುಶಃ 12ರಿಂದ 16 ವ್ಯಾಟಿಗೆ. ಹತ್ತಿ ಸೀದುಹೋಗುತ್ತದೆ.

ವ್ಯಾಟ್ ಸೆಟ್ಟಿಂಗ್ ಇರುವ ಸಾಧನದಲ್ಲಿ ಈ ಲೆಕ್ಕವನ್ನು ಒಳಗಿನ ಚಿಪ್ ಮಾಡುತ್ತದೆ. ಚಿಪ್ ತಾನೇ ಕಾಯಿಲ್‌ನ ಓಮ್ ಅಳೆದು, ನೀವು ಕೇಳಿದ ವ್ಯಾಟಿಗೆ ಎಷ್ಟು ವೋಲ್ಟ್ ಬೇಕೋ ಅಷ್ಟನ್ನೇ ಕೊಡುತ್ತದೆ. 15 ವ್ಯಾಟ್ ಅಂತ ಇಟ್ಟರೆ 0.8 ಓಮ್ ಕಾಯಿಲ್‌ಗೆ ಸುಮಾರು 3.5 ವೋಲ್ಟ್ ಹೋಗುತ್ತದೆ, 1.2 ಓಮ್‌ಗೆ 4.2 ಹೋಗುತ್ತದೆ.

ಇನ್ನೊಂದು ಉಪಯೋಗವೂ ಇದೆ, ಅದನ್ನು ಜನ ಗಮನಿಸುವುದಿಲ್ಲ. ಲಿಥಿಯಂ ಬ್ಯಾಟರಿ ಫುಲ್ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ, ಬಳಸುತ್ತಾ ಬಳಸುತ್ತಾ 3.4, 3.2ಕ್ಕೆ ಇಳಿಯುತ್ತದೆ. ಚಿಪ್ ಇಲ್ಲದ ಸಾಧನದಲ್ಲಿ 0.5 ಓಮ್ ಕಾಯಿಲ್ ಬೆಳಿಗ್ಗೆ 35 ವ್ಯಾಟ್‌ನಲ್ಲಿ ಕಾಯುತ್ತಿದ್ದರೆ ಸಂಜೆ ಹೊತ್ತಿಗೆ 23ಕ್ಕೆ ಬಂದಿರುತ್ತದೆ. ಸಂಜೆ ಚೆನ್ನಾಗಿ ಬರ್ತಿಲ್ಲ, ಗಂಟಲಿಗೆ ಸಿಗ್ತಿಲ್ಲ ಅಂತ ಮತ್ತೆ ಮತ್ತೆ ಎಳೆಯುತ್ತಾರೆ, ಕೆಲವರು ಬೇಸತ್ತು ಸಿಗರೇಟಿಗೇ ವಾಪಸ್ ಹೋಗುತ್ತಾರೆ. ವ್ಯಾಟ್ ಹಿಡಿದಿಡುವ ಚಿಪ್ ಇದ್ದರೆ ಬ್ಯಾಟರಿ ಖಾಲಿಯಾಗುವವರೆಗೂ ದಮ್ಮು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸಿಗರೇಟು ಬಿಡುವವರಿಗೆ ಇದು ದೊಡ್ಡ ವಿಷಯ ಅಂತ ನನ್ನ ಅಭಿಪ್ರಾಯ.

ಅಂದರೆ 15 ವ್ಯಾಟ್ ಇಟ್ಟರೆ ಯಾವ ಕಾಯಿಲ್ ಆದರೂ ಒಂದೇ ಬಿಸಿ, ಅಲ್ವಾ?

ಅಲ್ಲ. ಶಾಖ ಒಂದೇ, ಬಿಸಿ ಒಂದೇ ಅಲ್ಲ. ಗ್ಯಾಸ್ ಉರಿಯನ್ನು ಅಷ್ಟೇ ಇಟ್ಟು ಮೊದಲು ಒಗ್ಗರಣೆ ಸೌಟು ಇಡಿ, ಆಮೇಲೆ ದೊಡ್ಡ ದೋಸೆ ಕಾವಲಿ ಇಡಿ. ಸೌಟಿನಲ್ಲಿ ಸಾಸಿವೆ ಕ್ಷಣದಲ್ಲಿ ಸೀದು ಕಪ್ಪಾಗುತ್ತದೆ, ಕಾವಲಿ ಇನ್ನೂ ಕಾದೇ ಇರುವುದಿಲ್ಲ. ಕಾಯಿಲ್ ವಿಷಯವೂ ಇಷ್ಟೇ. ಸಣ್ಣ 1.2 ಓಮ್ ಕಾಯಿಲ್‌ಗೆ 15 ವ್ಯಾಟ್ ಜಾಸ್ತಿಯೇ ಆಗಬಹುದು. ದೊಡ್ಡ 0.2 ಓಮ್ ಜಾಲರಿ ಕಾಯಿಲ್‌ಗೆ 15 ವ್ಯಾಟ್ ಕೊಟ್ಟರೆ ಉಗುರುಬೆಚ್ಚಗಿನ ಗಾಳಿ ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ, ಲಿಕ್ವಿಡ್ ಆವಿಯಾಗದೆ ಉಳಿದು ಬುಡದಿಂದ ಸೋರುತ್ತದೆ, ಬಾಯಿಗೂ ಹನಿ ಹನಿಯಾಗಿ ಬರುತ್ತದೆ.

ಸರಿ, ನಾನು ಎಷ್ಟರಲ್ಲಿ ಇಡಲಿ?

ಕಾಯಿಲನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಅದರ ಲೋಹದ ಮೈಮೇಲೆ ಸಣ್ಣ ಅಕ್ಷರದಲ್ಲಿ ಎರಡು ವಿಷಯ ಕೆತ್ತಿರುತ್ತಾರೆ: ಒಂದು ಓಮ್, ಇನ್ನೊಂದು ಇಷ್ಟರಿಂದ ಇಷ್ಟು ವ್ಯಾಟ್ ಅಂತ. ಕಾಯಿಲ್ ತೆಗೆಯಲು ಬರದ ಪಾಡ್ (ಲಿಕ್ವಿಡ್ ತುಂಬುವ ಚಿಕ್ಕ ಡಬ್ಬಿ) ಆದರೆ ಪ್ಲಾಸ್ಟಿಕ್ಕಿನ ಮೇಲೋ ಪೆಟ್ಟಿಗೆಯ ಮೇಲೋ ಅದೇ ಮಾಹಿತಿ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಪರದೆಯ ಮೇಲಿನ ನಂಬರಿಗಿಂತ ಈ ಬರಹವೇ ನಿಮಗೆ ಮುಖ್ಯ.

ಹೊಸ ಕಾಯಿಲ್ ಹಾಕಿದಾಗ ಆ ಮಿತಿಯ ಕೆಳಗಿನ ನಂಬರಿನಿಂದ ಶುರುಮಾಡಿ. 12ರಿಂದ 16 ಅಂತ ಇದ್ದರೆ 12. ನಾಲ್ಕಾರು ದಮ್ಮು ನಿಧಾನಕ್ಕೆ ಎಳೆಯಿರಿ. ರುಚಿ ಸಪ್ಪೆ ಅನಿಸಿದರೆ ಒಂದು ವ್ಯಾಟ್ ಏರಿಸಿ, ಮತ್ತೆ ನೋಡಿ. ರುಚಿ ಹಿತವಾಗಿ, ಗಂಟಲು ಉರಿಯದೆ, ಸಿಗರೇಟು ಬೇಕು ಅನ್ನುವ ತುಡಿತ ತಗ್ಗಿದ ಜಾಗದಲ್ಲಿ ನಿಲ್ಲಿಸಿ. ಅಲ್ಲಿಂದ ಮುಂದೆ ಏರಿಸಿದರೆ ಲಿಕ್ವಿಡ್ಡೂ ಬ್ಯಾಟರಿಯೂ ಬೇಗ ಖಾಲಿ ಆಗುತ್ತದೆ, ಬೇರೆ ಲಾಭ ಇಲ್ಲ.

ಅಂದಾಜಿಗೆ ಹೇಳುವುದಾದರೆ, ಸಿಗರೇಟಿನ ಹಾಗೆ ಮೊದಲು ಬಾಯಿಗೆ ಎಳೆದುಕೊಂಡು ಆಮೇಲೆ ಒಳಗೆ ತೆಗೆದುಕೊಳ್ಳುವ ಸಾಧನಗಳಲ್ಲಿ 0.8ರಿಂದ 1.2 ಓಮ್ ಕಾಯಿಲ್, 10ರಿಂದ 18 ವ್ಯಾಟ್. ಹುಕ್ಕಾದ ಹಾಗೆ ನೇರವಾಗಿ ಎದೆಗೆ ಎಳೆಯುವ ದೊಡ್ಡ ಸಾಧನಗಳಲ್ಲಿ 0.5 ಓಮಿಗಿಂತ ಕಡಿಮೆ, 30 ವ್ಯಾಟಿನಿಂದ ಶುರುವಾಗಿ 80ರವರೆಗೂ ಹೋಗುತ್ತದೆ. ಸಿಗರೇಟಿನಿಂದ ಬರುವವರಿಗೆ ಮೊದಲನೆಯದೇ ಸರಿ. ಅಂಗಡಿಯಲ್ಲಿ ದೊಡ್ಡ ಮೋಡ ಬಿಟ್ಟು ತೋರಿಸುತ್ತಾರೆ, ನೋಡಲು ಚಂದ, ಆದರೆ ಒಂದು ಪ್ಯಾಕ್ ಸೇದುವವರು ಅದನ್ನು ಎಳೆದರೆ ಕೆಮ್ಮು ಬಂದು ಅಲ್ಲೇ ಕೈಬಿಡುತ್ತಾರೆ. ನೀವು ಹೋಗಿರುವುದು ಸಿಗರೇಟು ಬಿಡಲು, ಮೋಡ ಬಿಡಲು ಅಲ್ಲ ಅಂತ ಅಂಗಡಿಯವರಿಗೆ ಧೈರ್ಯವಾಗಿ ಹೇಳಿ.

ನನ್ನ ಪೆನ್ನಿನಲ್ಲಿ ನಂಬರೇ ಇಲ್ಲ, ಬರೀ ಬಣ್ಣದ ಲೈಟು. ಏನು ಅರ್ಥ?

ಅದು ಮೂರು ಹಂತದ ಸೆಟ್ಟಿಂಗ್. ಸಾಮಾನ್ಯವಾಗಿ ಬಟನ್ ಎರಡು ಅಥವಾ ಮೂರು ಸಲ ಬೇಗ ಬೇಗ ಒತ್ತಿದರೆ ಬಣ್ಣ ಬದಲಾಗುತ್ತದೆ, ಐದು ಸಲ ಒತ್ತಿದರೆ ಆನ್ ಅಥವಾ ಆಫ್. ಯಾವ ಬಣ್ಣ ಕಡಿಮೆ, ಯಾವುದು ಜಾಸ್ತಿ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಒಂದರಲ್ಲಿ ಕೆಂಪು ಕಡಿಮೆ ಆದರೆ ಇನ್ನೊಂದರಲ್ಲಿ ಕೆಂಪೇ ಜಾಸ್ತಿ. ಪೆಟ್ಟಿಗೆಯೊಳಗಿನ ಚೀಟಿ ಎಸೆಯಬೇಡಿ. ಕೆಲವು ಪಾಡ್‌ಗಳಲ್ಲಿ ಸೆಟ್ಟಿಂಗೇ ಇರುವುದಿಲ್ಲ, ಪಾಡ್ ಹಾಕಿದ ಕೂಡಲೇ ಓಮ್ ನೋಡಿ ಸಾಧನ ತಾನೇ ವ್ಯಾಟ್ ಹೊಂದಿಸಿಕೊಳ್ಳುತ್ತದೆ. ಹೊಸಬರಿಗೆ ಅದೇ ಸುಲಭ.

ಸೀದ ವಾಸನೆ ಬರ್ತಿದೆ. ವ್ಯಾಟ್ ಕಡಿಮೆ ಮಾಡಿದರೆ ಹೋಗುತ್ತಾ?

ಹತ್ತಿ ಒಮ್ಮೆ ಸೀದರೆ ಮುಗಿಯಿತು, ಆ ವಾಸನೆ ಹೋಗುವುದಿಲ್ಲ. ಕಾಯಿಲ್ ಬದಲಿಸಿ. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ಲಿಕ್ವಿಡ್ ಒಳಗೆ ಬರುವ ಕಿಂಡಿಯ ಹತ್ತಿರ ಹತ್ತಿ ಇನ್ನೂ ಬಿಳಿಯಾಗಿ, ಒದ್ದೆಯಾಗಿ ಇರುತ್ತದೆ, ತಂತಿಗೆ ತಾಗಿದ ಕಡೆ ಮಾತ್ರ ಕಾಫಿ ಪುಡಿಯ ಬಣ್ಣದ ಗೆರೆ ಬಿದ್ದಿರುತ್ತದೆ. ಅಷ್ಟೇ ಸಾಕು ಇಡೀ ದಮ್ಮು ಕೆಡಿಸಲು.

ಆದರೆ ಯಾಕೆ ಸೀಯಿತು ಅಂತ ನೋಡದೆ ಹೊಸದು ಹಾಕಿದರೆ ಅದೂ ಸೀಯುತ್ತದೆ. ಎಲ್ಲ ಕಾರಣಗಳೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ, ಲಿಕ್ವಿಡ್ ಬರುವುದಕ್ಕಿಂತ ಬೇಗ ಅದು ಆವಿಯಾಗುತ್ತಿದೆ. ವ್ಯಾಟ್ ಮಿತಿ ಮೀರಿರಬಹುದು. ಒಂದರ ಹಿಂದೆ ಒಂದು ದಮ್ಮು ಬಿಡುವಿಲ್ಲದೆ ಎಳೆದಿರಬಹುದು, ಆಗ ವ್ಯಾಟ್ ಸರಿ ಇದ್ದರೂ ಹತ್ತಿಗೆ ಮತ್ತೆ ನೆನೆಯಲು ಸಮಯ ಸಿಗುವುದಿಲ್ಲ, ಮಧ್ಯೆ ಅರ್ಧ ನಿಮಿಷ ಬಿಡಿ. ಟ್ಯಾಂಕಿನಲ್ಲಿ ಲಿಕ್ವಿಡ್ ಕಿಂಡಿಗಿಂತ ಕೆಳಗೆ ಇಳಿದಿರಬಹುದು. ಹೊಸ ಕಾಯಿಲ್ ಹಾಕಿದ ಕೂಡಲೇ ಎಳೆದಿರಬಹುದು, ಇದು ತುಂಬಾ ಜನ ಮಾಡುವ ಕೆಲಸ. ಹತ್ತಿಯ ಮೇಲೆ ಎರಡು ಮೂರು ಹನಿ ಹಾಕಿ, ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಸುಮ್ನೆ ಇಟ್ಟುಬಿಡಿ.

ಲಿಕ್ವಿಡ್ ದಪ್ಪ ಇದ್ದರೂ ಇದೇ ಗತಿ. ಲಿಕ್ವಿಡ್‌ನಲ್ಲಿ ಮುಖ್ಯವಾಗಿ ಎರಡು ದ್ರವ ಇರುತ್ತದೆ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಸಸ್ಯದ ಎಣ್ಣೆಯಿಂದ ಬರುವ ಗ್ಲಿಸರಿನ್, ಬಾಟಲಿ ಮೇಲೆ ಪಿಜಿ, ವಿಜಿ ಅಂತ ಬರೆದಿರುತ್ತಾರೆ. ಪಿಜಿ ತೆಳು, 188 ಡಿಗ್ರಿಯಲ್ಲಿ ಕುದಿಯುತ್ತದೆ. ವಿಜಿ ದಪ್ಪ, ಕುದಿಯಲು 290 ಡಿಗ್ರಿ ಬೇಕು. ನೂರಕ್ಕೆ 70 ಪಾಲು ವಿಜಿ ಇರುವ ಲಿಕ್ವಿಡನ್ನು ಸಣ್ಣ ಕಿಂಡಿಯ 1.2 ಓಮ್ ಕಾಯಿಲ್‌ಗೆ ಹಾಕಿದರೆ ಅದು ಒಳಗೆ ಇಳಿಯುವುದೇ ಇಲ್ಲ, ಬ್ರಿಟನ್ನಿನ ಚಳಿಗಾಲದಲ್ಲಿ ಇನ್ನೂ ಕಷ್ಟ. ಸಣ್ಣ ಸಾಧನಕ್ಕೆ 50-50 ತೆಗೆದುಕೊಳ್ಳಿ. ಮತ್ತೆ, ತುಂಬಾ ಸಿಹಿ ಇರುವ ಲಿಕ್ವಿಡ್‌ನಲ್ಲಿ ಸಿಹಿಕಾರಕ ತಂತಿಯ ಮೇಲೆ ಕರಕಲಾಗಿ ಕೂರುತ್ತದೆ, ಅಂಥದ್ದರಲ್ಲಿ ಕಾಯಿಲ್ ಬೇಗ ಹಾಳಾದರೆ ವ್ಯಾಟನ್ನು ದೂರಬೇಡಿ.

ವ್ಯಾಟ್ ಜಾಸ್ತಿ ಇಟ್ಟರೆ ವಿಷ ಹುಟ್ಟುತ್ತೆ ಅಂತಾರೆ. ನಿಜಾನಾ?

ಭಾಗಶಃ ನಿಜ, ಮತ್ತು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಪಿಜಿ, ವಿಜಿ ಎರಡೂ ವಿಪರೀತ ಬಿಸಿಯಾದರೆ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಥರದ ಕೆಟ್ಟ ರಾಸಾಯನಿಕಗಳು ಹುಟ್ಟುತ್ತವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು ಅನ್ನುವುದರಲ್ಲಿ ಅನುಮಾನ ಇಲ್ಲ. 2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪತ್ರ ಪ್ರಕಟಿಸಿದರು. ವೋಲ್ಟ್ ಬದಲಿಸಬಹುದಾದ ಸಾಧನವನ್ನು 3.3 ವೋಲ್ಟ್‌ನಲ್ಲಿ ಇಟ್ಟಾಗ ಫಾರ್ಮಾಲ್ಡಿಹೈಡ್ ಬಿಡುವ ಸಂಯುಕ್ತ ಕಾಣಲಿಲ್ಲ, 5 ವೋಲ್ಟ್‌ನಲ್ಲಿ ಇಟ್ಟಾಗ ಕಂಡಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯಿತು.

ಅದಕ್ಕೆ ಬಂದ ಆಕ್ಷೇಪವೂ ಗಟ್ಟಿಯಾದದ್ದೇ. ಆ ಕಾಯಿಲ್‌ಗೆ 5 ವೋಲ್ಟ್ ಜಾಸ್ತಿಯಾಯಿತು, ಯಂತ್ರ ಮಾತ್ರ ಅಂಥ ದಮ್ಮು ಎಳೆಯಬಲ್ಲದು, ಮನುಷ್ಯರು ಒಂದು ಸಲ ಎಳೆದರೆ ಕೆಮ್ಮಿ ಕೆಳಗಿಡುತ್ತಾರೆ ಅಂತ. ಗ್ರೀಸ್‌ನ ಹೃದ್ರೋಗ ತಜ್ಞ ಕಾನ್‌ಸ್ಟಂಟಿನೋಸ್ ಫರ್ಸಲಿನೋಸ್ ಮತ್ತು ಸಂಗಡಿಗರು ಅದೇ ವರ್ಷ ನಿಜವಾದ ಬಳಕೆದಾರರಿಂದ ಎಳೆಸಿ ನೋಡಿದರು. ಸೀದ ದಮ್ಮು ಯಾವುದು ಅಂತ ಬಳಕೆದಾರರು ಗುರುತಿಸಿದರು, ಆ ರಾಸಾಯನಿಕಗಳು ವಿಪರೀತ ಏರಿದ್ದೂ ಅಂಥ ದಮ್ಮುಗಳಲ್ಲೇ.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಕೈಯಲ್ಲಿರುವ ಕೆಲಸ ಸ್ಪಷ್ಟ. ಕಾಯಿಲ್ ಮೇಲೆ ಬರೆದ ಮಿತಿ ಸುಮ್ನೆ ಬರೆದದ್ದಲ್ಲ. ಸೀದ ರುಚಿ ಬಂದ ಮೇಲೂ "ಇನ್ನೊಂದು ದಿನ ಓಡಿಸೋಣ, ಹೊಸ ಕಾಯಿಲ್ ನಾಳೆ ತಂದರಾಯಿತು" ಅಂತ ಎಳೆಯಬೇಡಿ. ದುಡ್ಡು ಉಳಿಸುವ ಜಾಗ ಇದಲ್ಲ. ಹಾಗಂತ ನಾಲಿಗೆಯೊಂದನ್ನೇ ನಂಬಿ ಕೂರುವುದೂ ಬೇಡ, ಗಾಢ ಸಿಹಿಯ ಲಿಕ್ವಿಡ್‌ನಲ್ಲಿ ಸಣ್ಣಗೆ ಸೀದದ್ದು ಮರೆಯಾಗುತ್ತದೆ.

ಸರಿಯಾದ ವ್ಯಾಟ್‌ನಲ್ಲಿ ಇಟ್ಟ ಮಾತ್ರಕ್ಕೆ ವೇಪ್ ನಿರಪಾಯ ಅಂತಲ್ಲ. ಸಿಗರೇಟಿನಷ್ಟು ಹಾನಿ ಇಲ್ಲ, ಆದರೆ ಹಾನಿಯೇ ಇಲ್ಲ ಅಂತಲೂ ಅಲ್ಲ ಅನ್ನುವುದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್ಎಚ್ಎಸ್ ನಿಲುವು. ಉಸಿರಾಟದ ತೊಂದರೆ, ಹೃದಯದ ತೊಂದರೆ ಇರುವವರು, ಬಸುರಿಯರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ವ್ಯಾಟ್ ಏರಿಸಿದರೆ ನಿಕೋಟಿನ್ನೂ ಜಾಸ್ತಿ ಹೋಗುತ್ತಾ?

ಹೋಗುತ್ತದೆ. ಪ್ರತಿ ದಮ್ಮಿಗೂ ಹೆಚ್ಚು ಲಿಕ್ವಿಡ್ ಆವಿಯಾಗುತ್ತದೆ, ಅದರೊಳಗಿನ ನಿಕೋಟಿನ್ನೂ ಅಷ್ಟೇ ಹೆಚ್ಚು. ಬ್ರಿಟನ್‌ನಲ್ಲಿ 2016ರ ನಿಯಮದ ಪ್ರಕಾರ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರಬಾರದು. ಆ 20ರ ಲಿಕ್ವಿಡ್ 12 ವ್ಯಾಟಿನ ಸಣ್ಣ ಸಾಧನಕ್ಕೆ ಸರಿ. ಅದನ್ನೇ 60 ವ್ಯಾಟಿನ ದೊಡ್ಡ ಟ್ಯಾಂಕಿಗೆ ಸುರಿದರೆ ನಾಲ್ಕು ದಮ್ಮಿಗೆ ತಲೆ ಸುತ್ತು, ಹೊಟ್ಟೆ ತೊಳಸು, ಬೆವರು. ಹಾಗಾದರೆ ಕೆಳಗಿಟ್ಟು ನೀರು ಕುಡಿದು ಗಾಳಿ ಬೆಳಕಲ್ಲಿ ಕೂತುಕೊಳ್ಳಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ದೊಡ್ಡ ಸಾಧನಕ್ಕೆ 3 ಅಥವಾ 6 ಮಿಲಿಗ್ರಾಂ ಸಾಕು. ಅಂದಹಾಗೆ ಲಿಕ್ವಿಡ್ ಬಾಟಲಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ, ಕುಡಿದರೆ ಅದು ವಿಷ.

ನನ್ನ ಬಾಕ್ಸ್‌ನಲ್ಲಿ (ಡಬ್ಬಿ ಆಕಾರದ ದೊಡ್ಡ ವೇಪ್) 80 ವ್ಯಾಟ್‌ವರೆಗೂ ಹೋಗುತ್ತೆ. 80 ಇಡಬಹುದಾ?

ಕಾಯಿಲ್ ಒಪ್ಪಿದರೆ ಮೊದಲ ಪ್ರಶ್ನೆ ಮುಗಿಯಿತು. ಎರಡನೆಯದು ಬ್ಯಾಟರಿ ಒಪ್ಪುತ್ತದಾ ಅನ್ನುವುದು, ಮತ್ತು ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಓಮ್ ಕಡಿಮೆ ಇದ್ದರೆ ಬ್ಯಾಟರಿಗೆ ಅಪಾಯ ಅಂತ ಹಳೇ ಕಾಲದ ಮಾತು. ಚಿಪ್ ಇಲ್ಲದ ಮೆಕ್ಯಾನಿಕಲ್ ಸಾಧನಗಳಲ್ಲಿ ಅದು ಅಕ್ಷರಶಃ ನಿಜ, ಫುಲ್ ಚಾರ್ಜ್ ಆದ ಸೆಲ್ಲಿಗೆ 0.15 ಓಮ್ ಕಾಯಿಲ್ ಹಾಕಿದರೆ 28 ಆಂಪ್ ಕರೆಂಟು ಹರಿಯುತ್ತದೆ, ತಡೆಯಲು ಮಧ್ಯದಲ್ಲಿ ಯಾರೂ ಇಲ್ಲ. ಚಿಪ್ ಇರುವ ಸಾಧನದಲ್ಲಿ ಬ್ಯಾಟರಿಯ ಮೇಲಿನ ಭಾರ ನಿರ್ಧಾರವಾಗುವುದು ಓಮ್‌ನಿಂದ ಅಲ್ಲ, ವ್ಯಾಟ್‌ನಿಂದ. ನೀವು ಇಟ್ಟ ವ್ಯಾಟನ್ನು ಆ ಹೊತ್ತಿನ ಬ್ಯಾಟರಿ ವೋಲ್ಟ್‌ನಿಂದ ಭಾಗಿಸಿ. 60 ವ್ಯಾಟ್, ಬ್ಯಾಟರಿ 3.2 ವೋಲ್ಟಿಗೆ ಇಳಿದಿದೆ, ಸುಮಾರು 19 ಆಂಪ್, ಚಿಪ್ ತಿನ್ನುವುದನ್ನು ಸೇರಿಸಿದರೆ 20. ಅಂದರೆ ಬ್ಯಾಟರಿ ಖಾಲಿಯಾಗುತ್ತಾ ಬಂದ ಹಾಗೆ ಅದರ ಮೇಲೆ ಭಾರ ಜಾಸ್ತಿ ಆಗುತ್ತದೆ.

ಬಿಡಿ ಸೆಲ್ ಹಾಕುವ ಸಾಧನಗಳಲ್ಲಿ ಹೆಚ್ಚಾಗಿ 18650 ಅನ್ನುವ ಸೆಲ್ ಇರುತ್ತದೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಇದರಲ್ಲಿ ಒಳ್ಳೆಯವುಗಳಲ್ಲೂ ಹೆಚ್ಚಿನವು ನಿರಂತರವಾಗಿ 20 ಆಂಪ್ ಆಸುಪಾಸು ಕೊಡುತ್ತವೆ. 80 ವ್ಯಾಟಿಗೆ ಒಂದೇ ಸೆಲ್ ಅಂದರೆ 25 ಆಂಪ್ ದಾಟುತ್ತದೆ, ಬೇಡ. ಎರಡು ಸೆಲ್ ಇರುವ ಬಾಕ್ಸ್ ಆದರೆ ಭಾರ ಹಂಚಿಹೋಗುತ್ತದೆ. ಸೆಲ್ ಮೇಲೆ 35 ಆಂಪ್, 40 ಆಂಪ್ ಅಂತ ದೊಡ್ಡದಾಗಿ ಅಚ್ಚು ಹಾಕಿದ ಅಗ್ಗದ ಮಾಲು ನಂಬಬೇಡಿ, ಅದು ಕ್ಷಣಮಾತ್ರದ ಲೆಕ್ಕ. ಬ್ಯಾಟರಿ ಒಳಗೇ ಕೂರಿಸಿರುವ ಸಣ್ಣ ಪಾಡ್ ಆದರೆ ಈ ಲೆಕ್ಕವೆಲ್ಲ ತಯಾರಕರೇ ಮಾಡಿರುತ್ತಾರೆ.

ಬ್ಯಾಟರಿ ಸಿಡಿಯುತ್ತೆ ಅಂತ ಭಯ. ಏನು ನೋಡಿಕೊಳ್ಳಬೇಕು?

ಸೆಲ್ಲಿನ ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಅದನ್ನು ವಾರಕ್ಕೊಮ್ಮೆ ನೋಡಿ. ಪ್ಲಸ್ ತುದಿಯ ಅಂಚಿನಲ್ಲಿ ಉಗುರು ತಾಗಿದಷ್ಟು ಹರಿದಿದ್ದರೂ ಸೆಲ್ ಬಳಸಬೇಡಿ. ಆ ಹೊದಿಕೆಯ ಕೆಳಗಿನ ಇಡೀ ಲೋಹದ ಮೈ ಮೈನಸ್, ಪ್ಲಸ್‌ಗೂ ಅದಕ್ಕೂ ಮಧ್ಯೆ ಇರುವುದು ಆ ಅಂಚಿನ ಕೂದಲೆಳೆ ಅಂತರ ಮಾತ್ರ. ವೇಪ್ ಅಂಗಡಿಗಳಲ್ಲಿ ಹೊದಿಕೆ ಬದಲಿಸಿ ಕೊಡುತ್ತಾರೆ. ಬಿಡಿ ಸೆಲ್ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಯಾವತ್ತೂ ಹಾಕಬೇಡಿ. ತೊಡೆ ಸುಟ್ಟುಕೊಂಡ ಪ್ರಕರಣಗಳಲ್ಲಿ ಆಗಿರುವುದು ಇದೇ. ಪ್ಲಾಸ್ಟಿಕ್ ಡಬ್ಬಿ ಒಂದೆರಡು ಪೌಂಡಿಗೆ ಸಿಗುತ್ತದೆ. ಹಾಸಿಗೆ ಮೇಲೆ ಚಾರ್ಜಿಗೆ ಹಾಕಿ ಮಲಗಬೇಡಿ. ಕೈಗೆ ಸುಡುವಷ್ಟು ಬಿಸಿಯಾದರೆ, ಉಬ್ಬಿದರೆ ಬಳಸುವುದನ್ನು ನಿಲ್ಲಿಸಿ, ಕಸದ ಬುಟ್ಟಿಗೂ ಹಾಕಬೇಡಿ, ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಕಡೆ ಕೊಡಿ.

ಟೆಂಪರೇಚರ್ ಕಂಟ್ರೋಲ್ ಅಂತ ಒಂದಿದೆ, ಅದು ಬೇಕಾ?

ಚೆನ್ನಾಗಿರುವ ವ್ಯವಸ್ಥೆ. ನಿಕಲ್, ಟೈಟಾನಿಯಂ, ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು ಬಿಸಿಯಾದ ಹಾಗೆ ಅವುಗಳ ಓಮ್ ಏರುತ್ತದೆ. ಆ ಏರಿಕೆ ನೋಡಿ ಚಿಪ್ ಬಿಸಿ ಎಷ್ಟು ಅಂತ ಲೆಕ್ಕ ಹಾಕಿ, ನೀವು ಹೇಳಿದ ಡಿಗ್ರಿ ಮುಟ್ಟಿದ ಕೂಡಲೇ ಶಾಖ ತಗ್ಗಿಸುತ್ತದೆ. ಹತ್ತಿ ಒಣಗಿದರೂ ಸೀಯುವುದು ಕಡಿಮೆ. ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕಾಯಿಲ್‌ಗಳು ಕಾಂಥಾಲ್ ತಂತಿಯವು, ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಮಿಶ್ರಲೋಹ. ಬಿಸಿಯಾದರೂ ಅದರ ಓಮ್ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅದರಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಾಂಥಾಲ್ ಹಾಕಿದ್ದರೆ ವ್ಯಾಟ್ ಮೋಡ್. ಸ್ಟೀಲ್ ಕಾಯಿಲ್ ಎರಡರಲ್ಲೂ ನಡೆಯುತ್ತದೆ. ನಿಕಲ್ ಮತ್ತು ಟೈಟಾನಿಯಂ ಕಾಯಿಲನ್ನು ಮಾತ್ರ ವ್ಯಾಟ್ ಮೋಡ್‌ನಲ್ಲಿ ಕಾಯಿಸಬೇಡಿ. ಹೊಸ ಕಾಯಿಲ್ ಹಾಕುವಾಗ ಅದು ತಣ್ಣಗೆ ಇರಬೇಕು, ಬಿಸಿ ಇದ್ದಾಗ ಅಳೆದ ಓಮ್ ತಪ್ಪಾದರೆ ಮುಂದಿನದೆಲ್ಲ ತಪ್ಪುತ್ತದೆ.

ಬೈಪಾಸ್, ಪ್ರೀಹೀಟ್, ಸಾಫ್ಟ್, ಹಾರ್ಡ್... ಇವೆಲ್ಲ?

ಬೈಪಾಸ್ ಅಂದರೆ ಬ್ಯಾಟರಿ ವೋಲ್ಟನ್ನು ನೇರವಾಗಿ ಕಾಯಿಲ್‌ಗೆ ಬಿಡುವುದು, ಮುಟ್ಟಬೇಡಿ. ಉಳಿದವು ದಮ್ಮಿನ ಮೊದಲ ಕ್ಷಣಗಳಲ್ಲಿ ಶಾಖ ಸ್ವಲ್ಪ ಜಾಸ್ತಿ ಇರಬೇಕೋ ಕಡಿಮೆ ಇರಬೇಕೋ ಅನ್ನುವುದಕ್ಕೆ. ನಾರ್ಮಲ್‌ನಲ್ಲಿ ಇಟ್ಟು ಮರೆತುಬಿಡಿ.

ಪರದೆ ಮೇಲೆ ಓಮ್ ನಂಬರ್ ಆಗಾಗ ಬದಲಾಗುತ್ತೆ, ಕೆಲವು ಸಲ "ಚೆಕ್ ಆಟಮೈಜರ್" (ಕಾಯಿಲ್, ಟ್ಯಾಂಕ್ ನೋಡಿ ಅಂತ) ಬರುತ್ತೆ.

0.80 ಇದ್ದದ್ದು 0.82 ಆದರೆ ತಲೆ ಕೆಡಿಸಿಕೊಳ್ಳಬೇಡಿ. 0.8 ಇದ್ದದ್ದು 1.4 ಆಗಿ ಮತ್ತೆ ಇಳಿದರೆ ಎಲ್ಲೋ ಸಂಪರ್ಕ ಸಡಿಲ. ಟ್ಯಾಂಕ್ ಬಿಚ್ಚಿ, ಬುಡದ ಹಿತ್ತಾಳೆ ಬಣ್ಣದ ಚಿಕ್ಕ ಪಿನ್ ಮತ್ತು ಸುತ್ತಲಿನ ತಿರುಪಿನ ಗೆರೆಗಳನ್ನು ಒಣ ಟಿಶ್ಯೂನಲ್ಲಿ ಒರೆಸಿ. ಸೋರಿದ ಲಿಕ್ವಿಡ್ ಅಲ್ಲಿ ಅಂಟು ಅಂಟಾಗಿ ಕೂತಿರುತ್ತದೆ. ಕಾಯಿಲ್ ಮತ್ತೊಮ್ಮೆ ಸರಿಯಾಗಿ ಕೂರಿಸಿ, ಅತಿಯಾಗಿ ಬಿಗಿಯಬೇಡಿ. ಹೀಗೆ ಮಾಡಿದರೂ ಹೋಗದಿದ್ದರೆ ಬೇರೆ ಕಾಯಿಲ್ ಹಾಕಿ ನೋಡಿ.

ಊರಿಗೆ ಬರುವಾಗ ತರಬಹುದಾ? ನನ್ನ ಬಳಕೆಗೆ ಮಾತ್ರ.

ತರಬೇಡಿ. ಭಾರತದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರ್‌ನಲ್ಲಿ ಕಾಯ್ದೆ ಆಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ. ಸಂಗ್ರಹಿಸಿ ಇಡುವುದಕ್ಕೂ ಬೇರೆ ಶಿಕ್ಷೆ ಇದೆ. ಕರ್ನಾಟಕ ಅದಕ್ಕೂ ಮುಂಚೆ, 2016ರಲ್ಲೇ ಮಾರಾಟ ನಿಷೇಧಿಸಿತ್ತು. ಸಿಂಗಪುರದಲ್ಲಿ ಕೈಯಲ್ಲಿ ಇದ್ದರೂ ಅಪರಾಧ, ಆ ದಾರಿಯಲ್ಲಿ ಬರುವವರು ನೆನಪಿಡಿ. ಒಪ್ಪಿಗೆ ಇರುವ ದೇಶಗಳ ನಡುವೆ ಓಡಾಡುವಾಗಲೂ ವೇಪ್ ಮತ್ತು ಸೆಲ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ.

ಊರಲ್ಲಿರುವ ತಮ್ಮ ಸಿಗರೇಟು ಬಿಡಬೇಕು ಅಂತಿದ್ದಾನೆ. ಅವನಿಗೆ ಏನು ದಾರಿ?

ಕದ್ದುಮುಚ್ಚಿ ಸಿಗುವ ವೇಪ್ ಕೊಡಿಸುವುದಂತೂ ದಾರಿ ಅಲ್ಲ, ಅದರೊಳಗೆ ಏನಿದೆ ಅಂತ ಹೇಳುವವರಿಲ್ಲ. ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ನಂಬರ್ ಇರುತ್ತದೆ, ದುಡ್ಡಿಲ್ಲದೆ ಸಲಹೆ ಕೊಡುವ ರಾಷ್ಟ್ರೀಯ ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರಲ್ಲಿ ಭಾಗಿ. ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಚ್ಯೂಯಿಂಗ್ ಗಮ್ ಸಿಗುತ್ತದೆ, 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂನದು, ಎಷ್ಟು ಬೇಕು ಅಂತ ಡಾಕ್ಟರನ್ನು ಕೇಳಿ ಶುರುಮಾಡಲಿ. ಬ್ರಿಟನ್‌ನಲ್ಲಿ ಇರುವವರಿಗೂ ಹೇಳುತ್ತೇನೆ, ಧೂಮಪಾನ ಬಿಡಿಸುವ ಸ್ಥಳೀಯ ಸೇವೆ ಉಚಿತ, ಅಲ್ಲಿ ಮಾತಾಡಿ ಬಿಡುವವರಿಗೆ ಒಬ್ಬರೇ ಒದ್ದಾಡುವವರಿಗಿಂತ ಸುಲಭ ಆಗುತ್ತದೆ.

ಈಗ ಸಿಗರೇಟು ಬಿಟ್ಟಾಯಿತು. ವೇಪ್ ಕೂಡ ಬಿಡಬೇಕು. ದಿನಾ ಒಂದೊಂದು ವ್ಯಾಟ್ ಇಳಿಸುತ್ತಾ ಹೋದರೆ ಸಾಕಾ?

ಅದು ಕೆಲಸ ಮಾಡುವುದು ಕಷ್ಟ. ವ್ಯಾಟ್ ಇಳಿಸಿದರೆ ನಿಮಗೇ ಗೊತ್ತಿಲ್ಲದೆ ಉದ್ದ ದಮ್ಮು ಎಳೆಯುತ್ತೀರಿ, ಜಾಸ್ತಿ ಸಲ ಎಳೆಯುತ್ತೀರಿ, ದೇಹ ತನಗೆ ಬೇಕಾದ ನಿಕೋಟಿನ್ ಹೇಗೋ ತೆಗೆದುಕೊಳ್ಳುತ್ತದೆ. ಮಿತಿಗಿಂತ ಕೆಳಗೆ ಹೋದರೆ ಸೋರಾಟ ಬೇರೆ. ವ್ಯಾಟನ್ನು ಕಾಯಿಲ್ ಹೇಳಿದ ಜಾಗದಲ್ಲೇ ಬಿಡಿ, ಇಳಿಸಬೇಕಾದದ್ದು ಬಾಟಲಿಯ ಮೇಲಿನ ನಿಕೋಟಿನ್ ನಂಬರನ್ನು. 20ರಲ್ಲಿ ಇದ್ದರೆ 10 ಅಥವಾ 12, ಅದಕ್ಕೆ ಹೊಂದಿಕೊಂಡ ಮೇಲೆ 6, ಆಮೇಲೆ 3, ಆಮೇಲೆ ಸೊನ್ನೆ. ಪ್ರತಿ ಹಂತದಲ್ಲೂ ಕೆಲವು ವಾರ ನಿಲ್ಲಿ. ನಿಕೋಟಿನ್ ಇಳಿಸಿದಾಗ ಒಂದೆರಡು ವ್ಯಾಟ್ ಏರಿಸಿಕೊಳ್ಳೋಣ ಅನಿಸುತ್ತದೆ, ಕಾಯಿಲ್ ಮಿತಿಯೊಳಗಿದ್ದರೆ ಮೊದಲ ಕೆಲವು ದಿನ ಅದರಿಂದ ತೊಂದರೆ ಇಲ್ಲ, ಆಮೇಲೆ ಮೊದಲಿದ್ದ ಜಾಗಕ್ಕೆ ತನ್ನಿ. ಮಧ್ಯದಲ್ಲಿ ಸಿಗರೇಟಿನ ಆಸೆ ಜೋರಾಗಿ ಬಂದರೆ ಒಂದು ಹಂತ ಮೇಲಕ್ಕೆ ಹೋಗಿ, ಮುಜುಗರ ಪಡಬೇಡಿ, ಸಿಗರೇಟಿಗೆ ವಾಪಸ್ ಹೋಗುವುದಕ್ಕಿಂತ ಅದು ಎಷ್ಟೋ ವಾಸಿ.